ಹಳೇ ಡೆಸ್ಕ್‌ಟಾಪ್‌ಗೆ ಇನ್ನೂ ದುಡ್ಡು ಹಾಕಬೇಕಾ, ಹೊಸದೇ ತರಬೇಕಾ? ಹಂತ ಹಂತವಾಗಿ ನಿರ್ಧರಿಸುವ ಬಗೆ

ಕಂಪ್ಯೂಟರ್ ನಿಧಾನವಾಯಿತು ಎಂದು ಅಂಗಡಿಗೆ ಒಯ್ದರೆ ‘ತುಂಬಾ ಹಳೇದು ಸಾರ್, ಇದಕ್ಕೆ ದುಡ್ಡು ಹಾಕಬೇಡಿ’ ಅನ್ನುತ್ತಾರೆ. ಪಕ್ಕದ ಮನೆಯ ಎಂಜಿನಿಯರಿಂಗ್ ಹುಡುಗನನ್ನು ಕೇಳಿದರೆ ‘ಒಂದು ಎಸ್‌ಎಸ್‌ಡಿ ಹಾಕಿಸಿ ಅಂಕಲ್, ರಾಕೆಟ್ ಆಗುತ್ತೆ’ ಅನ್ನುತ್ತಾನೆ. ಎಸ್‌ಎಸ್‌ಡಿ ಅಂದರೆ ಹಳೇ ಹಾರ್ಡ್‌ಡಿಸ್ಕ್ ಬದಲು ಹಾಕುವ ವೇಗದ ಡಿಸ್ಕ್. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೆ ನಿಮ್ಮ ಕ್ಯಾಬಿನೆಟ್ ಒಳಗೆ ಏನಿದೆ ಎಂದು ಇಬ್ಬರೂ ನೋಡಿಲ್ಲ.

ಎಷ್ಟು ವರ್ಷ ಹಳೇದು ಅನ್ನೋದು ನನಗೆ ಅಷ್ಟು ಮುಖ್ಯ ಅಲ್ಲ. ನಾನು ಮೊದಲು ಕೇಳುವುದು ಇದನ್ನು: ಇವತ್ತು ಹಾಕುವ ದುಡ್ಡು ಮುಂದೆ ಹೊಸ ಕಂಪ್ಯೂಟರ್ ತಂದಾಗ ಅದಕ್ಕೂ ಬರುತ್ತದಾ, ಇಲ್ಲಾ ಈ ಡಬ್ಬಿಯ ಜೊತೆಗೇ ಗುಜರಿಗೆ ಹೋಗುತ್ತದಾ? ಬರುತ್ತದೆ ಅಂದರೆ ಯೋಚನೆ ಮಾಡದೆ ಹಾಕಿ. ಬರೋದಿಲ್ಲ ಅಂದರೆ ಒಂದೊಂದು ರೂಪಾಯಿಗೂ ಲೆಕ್ಕ ಕೇಳಿ. ಕೆಳಗಿನ ಎಲ್ಲ ಹಂತಗಳೂ ಈ ಪ್ರಶ್ನೆಗೆ ಉತ್ತರ ಹುಡುಕೋದಕ್ಕೇ.

ಹಂತ 1: ಒಳಗೆ ಏನಿದೆ ಎಂದು ತಿಳಿಯಿರಿ

ಸ್ಕ್ರೂಡ್ರೈವರ್ ಈಗಲೇ ಬೇಡ. ಕೀಬೋರ್ಡಿನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ಎಂಬ ಭಾಗಕ್ಕೆ ಹೋದರೆ ಬೇಕಾದ ಮುಕ್ಕಾಲು ಪಾಲು ಮಾಹಿತಿ ಅಲ್ಲೇ ಇರುತ್ತದೆ. ಒಂದು ಹಾಳೆ ತಗೊಂಡು ಬರೆದುಕೊಳ್ಳಿ.

ಸಿಪಿಯು ಒತ್ತಿದರೆ ಪ್ರೊಸೆಸರಿನ ಹೆಸರು ಬರುತ್ತದೆ. ಇಂಟೆಲ್ ಐ3, ಐ5, ಐ7 ಆದರೆ ಹೆಸರಿನ ಮುಂದಿನ ಸಂಖ್ಯೆ ನೋಡಿ. ಐ5-3470 ಅಂದರೆ 3ನೇ ಜನರೇಷನ್. ಐ3-8100 ಅಂದರೆ 8ನೇದು. ಐ5-10400 ಅಂದರೆ 10ನೇದು. ಎಎಂಡಿ ರೈಜನ್ ಆದರೆ ಪೂರ್ತಿ ಸಂಖ್ಯೆ ಬರೆದುಕೊಳ್ಳಿ.

ಮೆಮೊರಿ ಒತ್ತಿದರೆ ರ‍್ಯಾಮ್ ಎಷ್ಟಿದೆ, ಎಷ್ಟು ಸ್ಲಾಟ್ ಇವೆ, ಅದರಲ್ಲಿ ಎಷ್ಟು ಖಾಲಿ ಎಂದು ತೋರಿಸುತ್ತದೆ. ಅಲ್ಲೇ ಸ್ಪೀಡ್ ಎಂಬ ಸಂಖ್ಯೆಯೂ ಇರುತ್ತದೆ. ರ‍್ಯಾಮ್ ಯಾವ ತಲೆಮಾರಿನದು ಎಂದು ಅದರಿಂದ ತಿಳಿಯುತ್ತದೆ. 1333 ಅಥವಾ 1600 ಇದ್ದರೆ ಅದು ಡಿಡಿಆರ್3. 2133ರಿಂದ 3200ರ ಒಳಗಿದ್ದರೆ ಸಾಮಾನ್ಯವಾಗಿ ಡಿಡಿಆರ್4. 4800 ಮತ್ತು ಮೇಲೆ ಇದ್ದರೆ ಡಿಡಿಆರ್5; ಆ ಕಂಪ್ಯೂಟರನ್ನು ಹಳೇದು ಅನ್ನಬೇಡಿ, ಸಮಸ್ಯೆ ಬೇರೆ ಎಲ್ಲೋ ಇದೆ.

ಡಿಸ್ಕ್ ಒತ್ತಿದರೆ ಎಚ್‌ಡಿಡಿಯೋ (ಹಾರ್ಡ್‌ಡಿಸ್ಕ್) ಎಸ್‌ಎಸ್‌ಡಿಯೋ ಎಂದು ಗೊತ್ತಾಗುತ್ತದೆ. ಎಲ್ಲ ಭಾಗಗಳೂ ಕೂರುವ ಮುಖ್ಯ ಬೋರ್ಡ್, ಅಂದರೆ ಮದರ್‌ಬೋರ್ಡ್, ಅದರ ಹೆಸರು ಮಾತ್ರ ಇಲ್ಲಿ ಸಿಗದು. ಅದಕ್ಕೆ ಸ್ಟಾರ್ಟ್ ಮೆನುವಿನಲ್ಲಿ ಸಿಸ್ಟಮ್ ಇನ್ಫರ್ಮೇಷನ್ ಎಂದು ಹುಡುಕಿ, ಅಲ್ಲಿ ಬೇಸ್‌ಬೋರ್ಡ್ ಸಾಲು ನೋಡಿ. ಸಿಪಿಯು-ಜಡ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಂಡರೆ ಇನ್ನೂ ಸಲೀಸು.

ಹಂತ 2: ನಿಧಾನ ಆಗುತ್ತಿರೋದು ಯಾವುದು?

ಹೆಚ್ಚಿನವರು ಈ ಹಂತ ಬಿಟ್ಟು ನೇರ ಅಂಗಡಿಗೆ ಹೋಗುತ್ತಾರೆ. ನನ್ನ ಪ್ರಕಾರ ಅತಿ ಮುಖ್ಯ ಹಂತ ಇದೇ.

ಕಂಪ್ಯೂಟರ್ ಆಫ್ ಮಾಡಿ ಮತ್ತೆ ಆನ್ ಮಾಡಿ. ಪರದೆ ಬಂದ ತಕ್ಷಣ ಟಾಸ್ಕ್ ಮ್ಯಾನೇಜರ್ ತೆರೆದು ಡಿಸ್ಕ್ ಕಡೆ ನೋಡುತ್ತಾ ಕೂರಿ. ಹಳೇ ಹಾರ್ಡ್‌ಡಿಸ್ಕ್ ಇದ್ದರೆ ಅದು 100% ಎಂದು ತೋರಿಸುತ್ತಿರುತ್ತದೆ. ಅದರ ಕೆಳಗೆ ಓದುವ ವೇಗ ನೋಡಿ: ಸೆಕೆಂಡಿಗೆ ಒಂದೋ ಎರಡೋ ಎಂಬಿ! ಆವರೇಜ್ ರೆಸ್ಪಾನ್ಸ್ ಟೈಮ್ ಎಂಬಲ್ಲಿ ನೂರಾರು ಮಿಲಿಸೆಕೆಂಡ್. ಪೂರ್ತಿ ದುಡಿಯುತ್ತಿದೆ, ಆದರೆ ಕೆಲಸ ಏನೂ ಆಗುತ್ತಿಲ್ಲ. ಇದೇನು ವಿಚಿತ್ರ ಅಲ್ವಾ?

ಕಾರಣ ಸರಳ. ಹಾರ್ಡ್‌ಡಿಸ್ಕ್ ಒಳಗೆ ಒಂದು ತಟ್ಟೆ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ. ಬೇಕಾದ ಜಾಗ ಸೂಜಿಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ ಸುಮಾರು 4 ಮಿಲಿಸೆಕೆಂಡ್ ಬೇಕು. ಸೂಜಿ ಆ ಸಾಲಿಗೆ ಸರಿಯಲು ಇನ್ನೊಂದು 8-9 ಮಿಲಿಸೆಕೆಂಡ್. ಒಟ್ಟಿನಲ್ಲಿ ಸೆಕೆಂಡಿಗೆ ಎಪ್ಪತ್ತು ಎಂಬತ್ತು ಕಡೆಯಿಂದ ಓದಿದರೆ ಹೆಚ್ಚು. ವಿಂಡೋಸ್ ಶುರುವಾಗುವಾಗ ಆ್ಯಂಟಿವೈರಸ್, ಅಪ್‌ಡೇಟ್, ಸರ್ಚ್ ಇಂಡೆಕ್ಸ್, ಬ್ರೌಸರ್ ಎಲ್ಲವೂ ಒಟ್ಟಿಗೆ ಸಾವಿರಾರು ಚಿಕ್ಕ ಫೈಲುಗಳನ್ನು ಕೇಳುತ್ತವೆ. ಸೂಜಿ ಅತ್ತಿಂದಿತ್ತ ಓಡಾಡಿಯೇ ಸುಸ್ತು. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೇ ಇಲ್ಲ. ಸುಮಾರು 0.1 ಮಿಲಿಸೆಕೆಂಡಿನಲ್ಲಿ ಉತ್ತರ ಬರುತ್ತದೆ. ಪಕ್ಕದ ಮನೆ ಹುಡುಗ ರಾಕೆಟ್ ಅಂದಿದ್ದು ಇದಕ್ಕೇ.

ಈಗ ನಿಮ್ಮ ದಿನದ ಕೆಲಸವನ್ನೆಲ್ಲ ತೆರೆಯಿರಿ. ಬ್ರೌಸರ್‌ನಲ್ಲಿ ಎಂಟ್ಹತ್ತು ಟ್ಯಾಬ್, ಟ್ಯಾಲಿ, ವರ್ಡ್, ನುಡಿ, ಏನು ಬಳಸುತ್ತೀರೋ ಅದು. ಮೆಮೊರಿ 85-90% ದಾಟಿ ಅಲ್ಲೇ ನಿಂತರೆ ರ‍್ಯಾಮ್ ಸಾಲದು. ರ‍್ಯಾಮ್ ಸಾಲದಾದಾಗ ವಿಂಡೋಸ್ ಡಿಸ್ಕನ್ನೇ ರ‍್ಯಾಮಿನಂತೆ ಬಳಸುತ್ತದೆ. ಆಗ ಹಾರ್ಡ್‌ಡಿಸ್ಕ್‌ಗೆ ಎರಡು ಪಟ್ಟು ಹೊರೆ. ಇವತ್ತಿನ ಬ್ರೌಸರ್‌ಗಳಿಗೆ 4 ಜಿಬಿ ಸಾಲೋದಿಲ್ಲ, 8 ಇದ್ದರೆ ಮನೆ ಕೆಲಸ ನಡೆಯುತ್ತದೆ, 16 ಇದ್ದರೆ ಆರಾಮ.

ಡಿಸ್ಕ್, ಮೆಮೊರಿ ಎರಡೂ ಸುಮ್ಮನಿದ್ದು, ಸಿಪಿಯು ಒಂದೇ ಗಂಟೆಗಟ್ಟಲೆ 100% ಇದ್ದರೆ? ವೀಡಿಯೊ ಎಡಿಟಿಂಗ್‌ನಂಥ ಭಾರೀ ಕೆಲಸವಾದರೆ ಪ್ರೊಸೆಸರ್ ನಿಜವಾಗಿ ಸಾಲುತ್ತಿಲ್ಲ. ಏನೂ ಮಾಡದೆ ಸುಮ್ನೆ ಕೂತಾಗಲೂ ಹಾಗೇ ಇದ್ದರೆ ವೈರಸ್ಸೋ, ಯಾವುದೋ ಬೇಡದ ಸಾಫ್ಟ್‌ವೇರೋ ಇರಬಹುದು. ಅದಕ್ಕೆ ಹೊಸ ಕಂಪ್ಯೂಟರ್ ಮದ್ದಲ್ಲ.

ಹಂತ 3: ಕಾಯಿಲೆ ಇದ್ದರೆ ಮೊದಲು ಅದು

ಎಲ್ಲಕ್ಕೂ ಮೊದಲು ಬ್ಯಾಕಪ್. ಫೋಟೊ, ಲೆಕ್ಕದ ಫೈಲು, ಟ್ಯಾಲಿ ಡೇಟಾ ಎಲ್ಲವನ್ನೂ ಹೊರಗಿನ ಡಿಸ್ಕಿಗೆ ಹಾಕಿ. ನಮ್ಮ ಕಡೆ ಇನ್ನೊಂದು ತಾಪತ್ರಯ ಉಂಟು. ಹಳೇ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಫೈಲುಗಳು ಯೂನಿಕೋಡ್ ಅಲ್ಲ. ಆ ಫಾಂಟು ಇಲ್ಲದ ಹೊಸ ಕಂಪ್ಯೂಟರಿನಲ್ಲಿ ಅವು ಇಂಗ್ಲಿಷ್ ಅಕ್ಷರಗಳ ಗೊಜ್ಜಾಗಿ ಕಾಣುತ್ತವೆ. ಫೈಲಿನ ಜೊತೆಗೆ ಫಾಂಟುಗಳನ್ನೂ ಎತ್ತಿಟ್ಟುಕೊಳ್ಳಿ. ಮುಖ್ಯವಾದವನ್ನು ಕನ್ವರ್ಟರ್ ಬಳಸಿ ಈಗಲೇ ಯೂನಿಕೋಡಿಗೆ ಬದಲಿಸಿಕೊಂಡರೆ ಇನ್ನೂ ಒಳ್ಳೆಯದು.

ಆಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಡಿಸ್ಕಿನ ಆರೋಗ್ಯ ನೋಡಿ. ‘ಕಾಷನ್’ ಅಥವಾ ‘ಬ್ಯಾಡ್’ ಎಂದು ತೋರಿಸಿದರೆ ಆ ಡಿಸ್ಕನ್ನು ನಂಬಬೇಡಿ, ಇವತ್ತು ಓಡುತ್ತಿದ್ದರೂ ಸರಿ.

ಈಗ ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಉಳಿದ ಕರೆಂಟ್ ಹೋಗಲು ಬಿಟ್ಟು, ಪಕ್ಕದ ಬಾಗಿಲು ತೆಗೆಯಿರಿ. ಧೂಳು ಕಂಡು ಗಾಬರಿಯಾಗಬೇಡಿ. ಬ್ಲೋವರ್ ಅಥವಾ ಮೆತ್ತನೆ ಬ್ರಷ್‌ನಲ್ಲಿ ತೆಗೆಯಿರಿ. ಫ್ಯಾನ್ ತಿರುಗದಂತೆ ಬೆರಳಿನಲ್ಲಿ ಹಿಡಿದುಕೊಳ್ಳಿ. ಬೇಸಿಗೆಯಲ್ಲಿ ತಾನಾಗಿಯೇ ಆಫ್ ಆಗುತ್ತಿದ್ದರೆ ಪ್ರೊಸೆಸರ್ ಮೇಲಿನ, ಬಿಸಿ ಹೊರಹಾಕಲು ನೆರವಾಗುವ ಥರ್ಮಲ್ ಪೇಸ್ಟ್ ಒಣಗಿರುವ ಸಾಧ್ಯತೆ ಜಾಸ್ತಿ. ಆನ್ ಆಗದೆ ಬೀಪ್ ಬೀಪ್ ಎಂದರೆ ರ‍್ಯಾಮ್ ತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ಶಾಲೆ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿ. ನಗಬೇಡಿ, ಅಂಗಡಿಯವರು ಮಾಡೋದೂ ಇದನ್ನೇ. ಪ್ರತಿ ಸಲ ತಾರೀಖು ಹಿಂದಕ್ಕೆ ಹೋಗುತ್ತಿದ್ದರೆ, ಅದೇ ಕಾರಣಕ್ಕೆ ವೆಬ್‌ಸೈಟುಗಳು ಸರ್ಟಿಫಿಕೇಟ್ ಎರರ್ ತೋರಿಸುತ್ತಿದ್ದರೆ, ಮದರ್‌ಬೋರ್ಡ್ ಮೇಲಿನ ಸಿಆರ್2032 ಸೆಲ್ ಬದಲಿಸಿ. ಮೆಡಿಕಲ್ ಸ್ಟೋರಿನಲ್ಲೂ ಕೆಲವೊಮ್ಮೆ ಸಿಗುತ್ತದೆ.

ಮದರ್‌ಬೋರ್ಡ್ ಮೇಲೆ ಪ್ರೊಸೆಸರ್ ಸುತ್ತ ನಿಂತಿರುವ ಪುಟ್ಟ ಉರುಳೆಗಳೇ ಕೆಪಾಸಿಟರುಗಳು. ಅವುಗಳ ತಲೆ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ, ಕಂದು ರಸ ಸೋರಿದ್ದರೆ ಆ ಬೋರ್ಡಿನ ಕಾಲ ಮುಗಿಯುತ್ತಾ ಬಂದಿದೆ. ಅದಕ್ಕೆ ಇನ್ನು ದುಡ್ಡು ಹಾಕಬೇಡಿ. ಎಸ್‌ಎಂಪಿಎಸ್‌ನಿಂದ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಪೆಟ್ಟಿಗೆ) ಸುಟ್ಟ ವಾಸನೆ ಬಂದರೆ ಅದನ್ನು ಬದಲಿಸಿ. ಬಿಚ್ಚಿ ನೋಡುವ ಸಾಹಸ ಮಾತ್ರ ಬೇಡ, ಪ್ಲಗ್ ಕಿತ್ತ ಮೇಲೂ ಅದರೊಳಗೆ ಅಪಾಯದ ವೋಲ್ಟೇಜ್ ಉಳಿದಿರುತ್ತದೆ. ಇನ್ನೊಂದು ಮಾತು: ಕರೆಂಟ್ ಮಿಣುಕಿದಾಗಲೆಲ್ಲ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತಿದ್ದರೆ ಮೊದಲು ಯುಪಿಎಸ್ ಬ್ಯಾಟರಿ ನೋಡಿ. ಎರಡು ಮೂರು ವರ್ಷಕ್ಕೆ ಅದು ಸೊರಗುತ್ತದೆ, ಬೈಗುಳ ಮಾತ್ರ ಕಂಪ್ಯೂಟರಿಗೆ.

ಹಂತ 4: 8ನೇ ಜನರೇಷನ್ನಿನ ಗೆರೆ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ (ಸೆಕ್ಯುರಿಟಿ ಅಪ್‌ಡೇಟ್ ಕೊಡೋದು) 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಇಂಟೆಲ್‌ನಲ್ಲಿ, ಬೆರಳೆಣಿಕೆಯ ಅಪವಾದ ಬಿಟ್ಟು, 8ನೇ ಜನರೇಷನ್ ಅಥವಾ ಮೇಲಿನದು ಇರಬೇಕು. ಎಎಂಡಿಯಲ್ಲಿ ಸುಮಾರಾಗಿ ರೈಜನ್ 2000 ಸರಣಿಯಿಂದ ಮುಂದಕ್ಕೆ. ಆದರೆ ನಮ್ಮಲ್ಲಿ ಬಹಳ ಮಾರಾಟವಾದ 2200ಜಿ, 2400ಜಿ ಆ ಪಟ್ಟಿಯಲ್ಲಿ ಇಲ್ಲ. ಇದರ ಜೊತೆಗೆ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಎರಡು ಭದ್ರತಾ ವ್ಯವಸ್ಥೆ, 4 ಜಿಬಿ ರ‍್ಯಾಮ್, 64 ಜಿಬಿ ಜಾಗ.

ಮೈಕ್ರೋಸಾಫ್ಟ್‌ನದೇ ಪಿಸಿ ಹೆಲ್ತ್ ಚೆಕ್ ಓಡಿಸಿದರೆ ನಿಮ್ಮದು ಪಾಸೋ ಫೇಲೋ ಹೇಳುತ್ತದೆ. ಟಿಪಿಎಂ ಇಲ್ಲ ಎಂದು ಬಂದ ತಕ್ಷಣ ಕೈಚೆಲ್ಲಬೇಡಿ. ಎಷ್ಟೋ ಬೋರ್ಡುಗಳಲ್ಲಿ ಅದು ಇದ್ದೂ ಬಯೋಸ್‌ನಲ್ಲಿ (ವಿಂಡೋಸಿಗೂ ಮೊದಲು ಓಡುವ, ಬೋರ್ಡಿನದೇ ಸಾಫ್ಟ್‌ವೇರ್) ಆಫ್ ಆಗಿರುತ್ತದೆ. ಇಂಟೆಲ್ ಬೋರ್ಡಿನಲ್ಲಿ ಪಿಟಿಟಿ ಎಂದೂ ಎಎಂಡಿಯಲ್ಲಿ ಎಫ್‌ಟಿಪಿಎಂ ಎಂದೂ ಇರುತ್ತದೆ. ಆನ್ ಮಾಡಿದರೆ ಆಯಿತು.

ಗೆರೆಯ ಈಚೆ, ಅಂದರೆ 8ನೇದಕ್ಕಿಂತ ಹಳೇದು, ಇದ್ದರೆ? ದಾರಿಗಳಿವೆ. ವಿಂಡೋಸ್ 10ಕ್ಕೆ ಹೆಚ್ಚುವರಿ ಸೆಕ್ಯುರಿಟಿ ಅಪ್‌ಡೇಟ್‌ಗಳ ಯೋಜನೆ 2026ರ ಅಕ್ಟೋಬರ್ 13ರವರೆಗೆ ಎಂದು ಮೈಕ್ರೋಸಾಫ್ಟ್ ಪ್ರಕಟಿಸಿದೆ. ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ದುಡ್ಡಿಲ್ಲದೆ ಅದಕ್ಕೆ ಸೇರಬಹುದು. ಇದು ಯೋಚಿಸಲು ಸಿಗುವ ಸಮಯ, ಪರಿಹಾರ ಅಲ್ಲ. ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಿಕೊಡುವವರೂ ಇದ್ದಾರೆ. ಓಡುತ್ತದೆ. ಆದರೆ ಹಾಗೆ ಹಾಕಿದ್ದಕ್ಕೆ ಅಪ್‌ಡೇಟ್ ಖಾತ್ರಿಯಿಲ್ಲ ಎಂದು ಮೈಕ್ರೋಸಾಫ್ಟ್ ಮೊದಲೇ ಹೇಳಿಬಿಟ್ಟಿದೆ. ಬ್ಯಾಂಕು, ಜಿಎಸ್‌ಟಿ ಕೆಲಸ ಮಾಡುವ ಕಂಪ್ಯೂಟರಿಗೆ ನಾನು ಅದನ್ನು ಹಾಕಿಸುವುದಿಲ್ಲ.

ವಿಂಡೋಸ್ ಬದಲು ಹಾಕಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್ ಮಿಂಟ್ ಒಳ್ಳೆಯ ದಾರಿ. ಬ್ರೌಸರ್, ಇ-ಮೇಲ್, ಯೂಟ್ಯೂಬ್, ಮಕ್ಕಳ ಓದು ಇಷ್ಟೇ ಆದರೆ ಹಳೇ ಯಂತ್ರ ಅದರಲ್ಲಿ ಇನ್ನೂ ಕೆಲವು ವರ್ಷ ಬಾಳುತ್ತದೆ. ಕನ್ನಡ ಟೈಪಿಂಗಿಗೆ ಕಗಪ ಕೀಲಿಮಣೆ ಅದರಲ್ಲೇ ಸಿಗುತ್ತದೆ. ಆದರೆ ವಿಂಡೋಸಿಗೆಂದೇ ಮಾಡಿದ ನುಡಿ, ಟ್ಯಾಲಿ ನೇರವಾಗಿ ಓಡುವುದಿಲ್ಲ. ಅವಿಲ್ಲದೆ ದಿನ ಸಾಗದು ಅಂದರೆ ಆ ದಾರಿ ಬಿಟ್ಟುಬಿಡಿ.

ಹಂತ 5: ಯಾವುದು ಜೊತೆಗೆ ಬರುತ್ತದೆ, ಯಾವುದು ಬರೋದಿಲ್ಲ

ಎಸ್‌ಎಸ್‌ಡಿ ಬರುತ್ತದೆ. ಕೇಬಲ್‌ನಿಂದ ಜೋಡಿಸುವ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಇಂದಿನ ಹಳೇ ಡಬ್ಬಿಗೂ ಆಗುತ್ತದೆ, ನಾಳೆ ಹೊಸದರಲ್ಲಿ ಎರಡನೇ ಡಿಸ್ಕ್ ಆಗಿಯೂ ಕೂರುತ್ತದೆ. ‘ನಿಮ್ಮದು ಎಚ್61 ಬೋರ್ಡ್, ಅದರಲ್ಲಿ ಸಾಟಾ ವೇಗ ಅರ್ಧ, ಹಾಕಿ ಪ್ರಯೋಜನ ಇಲ್ಲ’ ಎಂದು ಯಾರಾದರೂ ಹೇಳಬಹುದು. ಎಚ್61 ಅಂದರೆ 2, 3ನೇ ಜನರೇಷನ್ನಿನ ಕಾಲದ ಬೋರ್ಡ್. ಅರ್ಧ ಅನ್ನೋದು ನಿಜ. ಸೆಕೆಂಡಿಗೆ 550 ಎಂಬಿ ಬದಲು 270ರ ಆಸುಪಾಸು ಸಿಗುತ್ತದೆ. ಪ್ರಯೋಜನ ಇಲ್ಲ ಅನ್ನೋದು ಸುಳ್ಳು. ಲಾಭ ಬರುವುದು ಆ 0.1 ಮಿಲಿಸೆಕೆಂಡಿನಿಂದ, ಅದು ಅಲ್ಲೂ ಸಿಗುತ್ತದೆ. ಬೋರ್ಡಿಗೇ ನೇರ ಸಿಕ್ಕಿಸುವ ಎಂ.2 ಎನ್‌ವಿಎಂಇ ಎಸ್‌ಎಸ್‌ಡಿ ಮಾತ್ರ ಅವಸರದಲ್ಲಿ ತರಬೇಡಿ. ಹಳೇ ಬೋರ್ಡಿನಲ್ಲಿ ಅದಕ್ಕೆ ಸ್ಲಾಟೇ ಇರುವುದಿಲ್ಲ. ಅಡಾಪ್ಟರ್ ಹಾಕಿದರೂ ಅನೇಕ ಹಳೇ ಬಯೋಸ್‌ಗಳು ಅದರಿಂದ ಬೂಟ್ ಆಗುವುದಿಲ್ಲ.

ಮಾನಿಟರ್, ಕೀಬೋರ್ಡ್, ಮೌಸ್, ಒಳ್ಳೆಯ ಯುಪಿಎಸ್ ಬರುತ್ತವೆ. ಮಾನಿಟರಿನಲ್ಲಿ ಬರೀ ವಿಜಿಎ ಇದ್ದರೆ ಹೊಸ ಯಂತ್ರದಲ್ಲಿ ಆ ಪೋರ್ಟ್ ಇದೆಯಾ ಎಂದು ಕೇಳಿ.

ಎಸ್‌ಎಂಪಿಎಸ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಕ್ಯಾಬಿನೆಟ್ ಜೊತೆ ಬಿಟ್ಟಿಯಾಗಿ ಬಂದ, ಮೇಲೆ 450 ವಾಟ್ ಎಂದು ಬರೆದಿರುವ ಪೆಟ್ಟಿಗೆಯನ್ನು ಕೈಯಲ್ಲಿ ಎತ್ತಿ ನೋಡಿ. ಹಗುರ. ಪಕ್ಕದಲ್ಲಿ ಒಳ್ಳೆಯ ಕಂಪನಿಯ 80 ಪ್ಲಸ್ (ಕರೆಂಟ್ ಕಡಿಮೆ ಪೋಲು ಎಂಬ) ಗುರುತಿನ ಅಷ್ಟೇ ವಾಟಿನದನ್ನು ಎತ್ತಿ. ತೂಕ ಕೈಗೇ ಗೊತ್ತಾಗುತ್ತದೆ. ಒಳ್ಳೆಯದು ಮುಂದಿನ ಕಂಪ್ಯೂಟರಿಗೂ ಆಗುತ್ತದೆ, ಬಿಟ್ಟಿಯದು ಸಾಯುವಾಗ ಬೋರ್ಡನ್ನೂ ಕರೆದುಕೊಂಡು ಹೋಗಬಹುದು.

ಡಿಡಿಆರ್3 ರ‍್ಯಾಮ್ ಬರೋದಿಲ್ಲ. ಡಿಡಿಆರ್4 ಬೋರ್ಡಿಗೆ ಅದು ಕೂರುವುದೇ ಇಲ್ಲ, ಕಚ್ಚು ಬೇರೆ ಕಡೆ ಇದೆ, ವೋಲ್ಟೇಜೂ ಬೇರೆ. 4 ಜಿಬಿ ಇರುವ ಹಳೇ ಯಂತ್ರವನ್ನು ಇನ್ನೊಂದು ವರ್ಷ ಓಡಿಸಬೇಕೆಂದರೆ ಸೆಕೆಂಡ್‌ಹ್ಯಾಂಡ್ 4 ಜಿಬಿ ಹಾಕಿಸಿ. ಬೆಂಗಳೂರಿನ ಎಸ್‌.ಪಿ. ರೋಡಿನಂಥ ಕಡೆ ಹುಡುಕಿದರೆ ಸಿಕ್ಕೀತು. ಅದಕ್ಕಿಂತ ಜಾಸ್ತಿ ಬೇಡ. 2025ರ ಕೊನೆಯಿಂದ ಎಐ ಡೇಟಾ ಸೆಂಟರುಗಳ ಬೇಡಿಕೆಯಿಂದ ಹೊಸ ರ‍್ಯಾಮಿನ ಬೆಲೆ ವಿಪರೀತ ಏರಿದೆ. ಹಾಗಾಗಿ ನಿಮ್ಮ ಬಳಿ ಇರುವ ಡಿಡಿಆರ್4 ರ‍್ಯಾಮನ್ನು ಎಕ್ಸ್‌ಚೇಂಜಿನಲ್ಲಿ ಪುಗಸಟ್ಟೆ ಕೊಡಬೇಡಿ. ಡಿಡಿಆರ್4 ಹಾಕಿಸಿಕೊಳ್ಳುವ ಬೋರ್ಡ್ ಆರಿಸಿಕೊಂಡರೆ ಅದನ್ನೇ ಮುಂದುವರಿಸಬಹುದು.

ಪ್ರೊಸೆಸರ್ ಬದಲಿಸೋದು ಹೆಚ್ಚಿನ ಹಳೇ ಇಂಟೆಲ್ ಬೋರ್ಡುಗಳಲ್ಲಿ ಕುರುಡು ಓಣಿ. ಎಚ್61ಗೆ ಸೆಕೆಂಡ್‌ಹ್ಯಾಂಡ್ ಐ7-3770 ಹಾಕಿದರೂ ಅದು 3ನೇ ಜನರೇಷನ್ನೇ, ಗೆರೆಯ ಈಚೆಯೇ ಉಳಿಯುತ್ತೀರಿ. ಎಎಂಡಿಯ ಎಎಂ4 (ಹಲವು ರೈಜನ್ ಸರಣಿಗಳು ಕೂರುವ ಒಂದೇ ಸಾಕೆಟ್) ಬೋರ್ಡ್ ಇದ್ದವರ ಕಥೆ ಬೇರೆ. ರೈಜನ್ 5 1600 ಇರುವ ಎಷ್ಟೋ ಬೋರ್ಡುಗಳಿಗೆ ಬಯೋಸ್ ಅಪ್‌ಡೇಟ್ ಮಾಡಿ ರೈಜನ್ 5 5600 ಕೂರಿಸಬಹುದು. ರ‍್ಯಾಮ್, ಬೋರ್ಡ್, ಡಿಸ್ಕ್ ಯಾವುದೂ ಬದಲಾಗದೆ ಗೆರೆ ದಾಟುತ್ತೀರಿ. ಬೋರ್ಡ್ ಕಂಪನಿಯ ವೆಬ್‌ಸೈಟಿನಲ್ಲಿ ಪ್ರೊಸೆಸರ್ ಪಟ್ಟಿ ನೋಡಿ, ಬಯೋಸ್ ಅಪ್‌ಡೇಟ್ ಆಗುವವರೆಗೆ ಹಳೇ ಪ್ರೊಸೆಸರ್ ತೆಗೆಯಬೇಡಿ.

ಡೆಲ್, ಎಚ್‌ಪಿ, ಲೆನೊವೊ ಬ್ರ್ಯಾಂಡೆಡ್ ಡಬ್ಬಿಗಳಲ್ಲಿ ಎಸ್‌ಎಂಪಿಎಸ್, ಬೋರ್ಡ್ ಅಳತೆಗಳು ಹಲವು ಸಲ ಅವರದೇ ಆಗಿರುತ್ತವೆ. ಅವಕ್ಕೆ ಎಸ್‌ಎಸ್‌ಡಿ, ರ‍್ಯಾಮ್ ಬಿಟ್ಟು ಬೇರೆ ಅಪ್‌ಗ್ರೇಡ್ ಯೋಚಿಸಬೇಡಿ.

ಹಂತ 6: ಹಾಳೆಯ ಮೇಲೆ ಲೆಕ್ಕ

ಒಂದೇ ದಿನ ಎರಡು ಕೊಟೇಷನ್ ತಗೊಳ್ಳಿ: ಅಪ್‌ಗ್ರೇಡಿಗೆ ಒಂದು, ಹೊಸದಕ್ಕೆ ಒಂದು. ಎರಡರಲ್ಲೂ 18% ಜಿಎಸ್‌ಟಿ ಸೇರಿದೆಯಾ ನೋಡಿ. ಅಪ್‌ಗ್ರೇಡ್ ಪಟ್ಟಿಯಲ್ಲಿ ಜೊತೆಗೆ ಬರುವ ವಸ್ತುಗಳ ಪಕ್ಕ ಟಿಕ್ ಹಾಕಿ. ಟಿಕ್ ಇಲ್ಲದವುಗಳ ಮೊತ್ತವನ್ನಷ್ಟೇ ಹೊಸದರ ಬೆಲೆಯ ಜೊತೆ ಹೋಲಿಸಿ, ಯಾಕೆಂದರೆ ಕಳೆದುಹೋಗುವ ದುಡ್ಡು ಅದೇ.

ಬೋರ್ಡ್ ಬದಲಿಸುವ ಮಾತು ಬಂದರೆ ಲೈಸೆನ್ಸ್ ಮರೆಯಬೇಡಿ. ಕಂಪ್ಯೂಟರ್ ಜೊತೆಗೇ ಬಂದ ಒಇಎಂ ವಿಂಡೋಸ್ ಲೈಸೆನ್ಸ್ ಆ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ. ಬೋರ್ಡ್ ಹೋದರೆ ಅದೂ ಹೋಯಿತು. ಬೋರ್ಡ್, ಪ್ರೊಸೆಸರ್, ರ‍್ಯಾಮ್ ಮೂರೂ ಬದಲಿಸಬೇಕಾದ ‘ಅಪ್‌ಗ್ರೇಡ್’ ನಿಜವಾಗಿ ಹೊಸ ಕಂಪ್ಯೂಟರೇ. ಹಳೇ ಕ್ಯಾಬಿನೆಟ್ ಮಾತ್ರ ಉಳಿದಿರುತ್ತದೆ.

ಇಷ್ಟು ನೋಡಿದ ಮೇಲೆ ನಾನು ಹೀಗೆ ಮಾಡುತ್ತೇನೆ. 8ನೇ ಜನರೇಷನ್ ಅಥವಾ ಮೇಲಿದ್ದು ಹಾರ್ಡ್‌ಡಿಸ್ಕ್ ಇದ್ದರೆ, ಎಸ್‌ಎಸ್‌ಡಿ ಹಾಕಿ ಅಗತ್ಯವಿದ್ದರೆ ರ‍್ಯಾಮ್ ಸೇರಿಸಿ ವಿಂಡೋಸ್ 11ಕ್ಕೆ ಹೋಗುತ್ತೇನೆ, ಹೊಸದರ ಯೋಚನೆಯೇ ಬೇಡ. 4ರಿಂದ 7ನೇ ಜನರೇಷನ್ ಆದರೆ ಎಸ್‌ಎಸ್‌ಡಿ ಒಂದು ಮಾತ್ರ, ಮತ್ತೇನೂ ಇಲ್ಲ. ಲಿನಕ್ಸ್ ಹಾಕಿ ಮಕ್ಕಳಿಗೆ ಬಿಡುತ್ತೇನೆ, ಇಲ್ಲವೇ ಹೊಸದಕ್ಕೆ ದುಡ್ಡು ಕೂಡಿಸುತ್ತೇನೆ. 2, 3ನೇದಾಗಿದ್ದು ಬೋರ್ಡೋ ಎಸ್‌ಎಂಪಿಎಸ್ಸೋ ಕೈಕೊಟ್ಟಿದ್ದರೆ ಒಂದು ಪೈಸೆಯೂ ಇಲ್ಲ.

ಹೊಸದು ಅಂದರೆ ಹೊಚ್ಚಹೊಸದೇ ಆಗಬೇಕಿಲ್ಲ. ಆಫೀಸುಗಳಿಂದ ಹೊರಬಿದ್ದ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್ ಯಂತ್ರಗಳು ರೀಫರ್ಬಿಷ್ಡ್ ಆಗಿ ಸಿಗುತ್ತವೆ. ಮನೆ ಕೆಲಸಕ್ಕೆ ಧಾರಾಳ ಸಾಕು. 8ನೇ ಜನರೇಷನ್ನಿಗಿಂತ ಕೆಳಗಿನದು ಎಷ್ಟೇ ಅಗ್ಗ ಇದ್ದರೂ ಬೇಡ. ಅಂಗಡಿಯಲ್ಲೇ ಆನ್ ಮಾಡಿಸಿ, ಹಂತ 1 ಅಲ್ಲೇ ಮಾಡಿ. ಬಯೋಸ್‌ಗೆ ಪಾಸ್‌ವರ್ಡ್ ಇಲ್ಲ, ವಿಂಡೋಸ್ ಆ್ಯಕ್ಟಿವೇಟ್ ಆಗಿದೆ, ಎಸ್‌ಎಸ್‌ಡಿ ಆರೋಗ್ಯ ಸರಿಯಿದೆ ಎಂದು ನೋಡಿ. ವಾರಂಟಿಯನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಇಡೀ ದಿನ ಓಡುವ ಕಂಪ್ಯೂಟರ್ ಆದರೆ ಕರೆಂಟನ್ನೂ ಸೇರಿಸಿ. 100 ವಾಟ್ ಎಳೆಯುವ ಹಳೇ ಡೆಸ್ಕ್‌ಟಾಪ್ ದಿನಕ್ಕೆ 8 ಗಂಟೆ ಓಡಿದರೆ ತಿಂಗಳಿಗೆ 24 ಯೂನಿಟ್. 25 ವಾಟಿನ ಮಿನಿ ಪಿಸಿ ಆದರೆ 6. ಗೃಹಜ್ಯೋತಿ ಮಿತಿಯ ಅಂಚಿನಲ್ಲಿರುವ ಮನೆಯವರಿಗೆ ಈ 18 ಯೂನಿಟ್ ಚಿಕ್ಕದಲ್ಲ.

ಹಂತ 7: ಹಳೇದನ್ನು ಏನು ಮಾಡೋದು

ಹೊಸದು ಬಂದ ಮೇಲೂ ಹಳೇದನ್ನು ಕೆಲವು ವಾರ ಹಾಗೇ ಇಡಿ. ಯಾವುದೋ ಒಂದು ಫೈಲು, ಯಾವುದೋ ಪಾಸ್‌ವರ್ಡ್ ಬಿಟ್ಟುಹೋಗಿರುತ್ತದೆ. ಆಮೇಲೆ ಹಾರ್ಡ್‌ಡಿಸ್ಕ್ ಬಿಚ್ಚಿಕೊಳ್ಳಿ. ಆರೋಗ್ಯವಾಗಿದ್ದರೆ ಯುಎಸ್‌ಬಿ ಡಾಕ್‌ಗೆ ಹಾಕಿ ಬ್ಯಾಕಪ್ಪಿಗೆ ಬಳಸಿ. ಡಿಸ್ಕ್ ಸಮೇತ ಯಾರಿಗಾದರೂ ಕೊಡುವುದಾದರೆ ಬರೀ ಡಿಲೀಟ್ ಮಾಡಿದರೆ ಸಾಲದು. ವಿಂಡೋಸ್ ರೀಸೆಟ್‌ನಲ್ಲಿ ‘ಕ್ಲೀನ್ ಡ್ರೈವ್’ ಆಯ್ಕೆ ಆರಿಸಿ. ಗಂಟೆಗಟ್ಟಲೆ ಹಿಡಿಯುತ್ತದೆ, ರಾತ್ರಿ ಹಚ್ಚಿ ಮಲಗಿ.

ಕೆಟ್ಟುಹೋದದ್ದನ್ನು ಬೀದಿಯ ಗುಜರಿಯವರಿಗೆ ಹಾಕಬೇಡಿ, ತಾಮ್ರಕ್ಕಾಗಿ ವೈರ್ ಸುಡುವ ಕಡೆ ಹೋಗಿ ಸೇರುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಇದನ್ನು ನೋಂದಾಯಿತ ರೀಸೈಕ್ಲರುಗಳೇ ಸಂಸ್ಕರಿಸಬೇಕು. ನಿಮ್ಮ ಊರಿನ ಹತ್ತಿರ ಯಾರಿದ್ದಾರೆ ಎಂದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ವಿಚಾರಿಸಿ. ಕೊಡುವ ಮುಂಚೆ ರ‍್ಯಾಮ್, ಕೇಬಲ್, ಕೆಲಸ ಮಾಡುವ ಫ್ಯಾನ್ ತೆಗೆದಿಟ್ಟುಕೊಳ್ಳಿ. ಇನ್ನೊಬ್ಬರ ಹಳೇ ಯಂತ್ರಕ್ಕೆ ಬೇಕಾಗುತ್ತವೆ.